ನಾದಿನಿಯ ತೋಳಿನ ಹನಿಗಳು

ಬೆಳಿಗ್ಗೆ ಚಟ್ನಿಗೆಂದು ದೊಡ್ಡಪತ್ರೆ ಕಿತ್ತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತು ವರ್ಷದ ಹಿಂದಿನ ಹೊಟ್ಟೆಕಿಚ್ಚು ನೆನಪಾಯಿತು. ನಗಬೇಡಿ. ಕೆಲವರಿಗೆ ವಾಸನೆಯಿಂದ ತವರು ನೆನಪಾಗುತ್ತದೆ, ನನಗೆ ನಾದಿನಿ.

ಎಂಬತ್ತರ ದಶಕ. ಮಾಲೂರಿಗೆ ಸೊಸೆಯಾಗಿ ಬಂದ ಹೊಸತು. ಯಜಮಾನರ ತಂಗಿ ರತ್ನಳಿಗೆ ದಿನಾ ಮೈತುಂಬ ಪಿತ್ತದ ಗಂಧೆ ಏಳುತ್ತಿತ್ತು, ತಿಂಗಳುಗಟ್ಟಲೆ ಬಿಡಲಿಲ್ಲ. ಅತ್ತೆ ದೊಡ್ಡಪತ್ರೆ ರಸ ಹಚ್ಚಿ ಕಂಬಳಿಯಿಂದ ಉಜ್ಜುವರು, ನನ್ನ ಗಂಡ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುವರು. ನನಗೆ ಜ್ವರ ಬಂದಾಗ "ಶುಂಠಿ ಕಷಾಯ ಕುಡಿ" ಎಂದು ಕೆಲಸಕ್ಕೆ ಹೋಗುವ ರೈಲಿಗೆ ಓಡಿದ ಮಹಾನುಭಾವರು ಇವರೇ! ನನಗೂ ನಾಲ್ಕು ಗಂಧೆ ಏಳಬಾರದೇ ಎಂದು ಕನ್ನಡಿ ಮುಂದೆ ನಿಂತದ್ದುಂಟು. ಎಮ್ಮೆ ಚರ್ಮ, ಏನೂ ಏಳಲಿಲ್ಲ.

ಬೆಂಗಳೂರಿನಲ್ಲಿ ಅಲರ್ಜಿ ಟೆಸ್ಟ್ ಮಾಡುತ್ತಾರೆಂದು ಗೊತ್ತಾಯಿತು. ನನಗೆ ಲಾಲ್‌ಬಾಗ್ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ ರಜೆಯಲ್ಲೇ ಯಜಮಾನರು ತಂಗಿಯನ್ನು ರೈಲು ಹತ್ತಿಸಿದರು. ಟೆಸ್ಟಿಗೆ ಮುಂಚೆ ಗಂಧೆಯ ಮಾತ್ರೆ ನಿಲ್ಲಿಸಬೇಕಿತ್ತು. ಅತ್ತೆಯೋ, ಊದಿದ ಮುಖ ಹೊತ್ತು ಮಗಳು ದೊಡ್ಡ ಡಾಕ್ಟರ ಮುಂದೆ ಹೋಗುವುದೇ ಎಂದು ಗುಟ್ಟಾಗಿ ಮಾತ್ರೆ ನುಂಗಿಸಿದ್ದರು. ಹೆಣ್ಣು ನೋಡಲು ಬಂದಾಗ ಅಲಂಕರಿಸುವುದಿಲ್ಲವೇ, ಹಾಗೆ. ತೋಳಿನ ಮೇಲೆ ಒಂದೊಂದು ಪದಾರ್ಥದ ಹನಿ ಇಟ್ಟು ಚುಚ್ಚಿದರೆ ಒಗ್ಗದ್ದು ಗಂಧೆಯಾಗಿ ಏಳುತ್ತದೆ. ಟೆಸ್ಟ್ ಸರಿಯಿದೆಯೇ ಎಂದು ನೋಡಲು ಎಲ್ಲರಿಗೂ ಏಳಲೇಬೇಕಾದ ಹನಿಯೊಂದಿದೆಯಂತೆ, ಮಾತ್ರೆಯ ದೆಸೆಯಿಂದ ಅದೂ ಏಳಲಿಲ್ಲ. ಡಾಕ್ಟರು ಬೈದು ವಾಪಸು ಕಳಿಸಿದರು.

ಇನ್ನೊಂದು ರಜೆ, ಇನ್ನೊಂದು ರೈಲು! ನಾನು ಪಾತ್ರೆ ಕುಕ್ಕಿದೆ. ಅದೇ ಹೊತ್ತಿಗೆ ಅತ್ತೆ ಪಕ್ಕದ ಮನೆಯಾಕೆಗೆ, "ಅಯ್ಯೋ ದೇವುಡಾ, ಇವಳು ಹೊಸ್ತಿಲು ತುಳಿದ ಮೇಲೇ ಕಣಮ್ಮ ಇದೆಲ್ಲ ಶುರುವಾಗಿದ್ದು. ಕಾಲ್ಗುಣ ಅನ್ನೋದು ಸುಮ್ನೆ ಅಲ್ಲ" ಎಂದದ್ದು ನನ್ನ ಕಿವಿಗೂ ಬಿತ್ತು, ರತ್ನಳ ಕಿವಿಗೂ ಬಿತ್ತು. ಯಾವುದಾದರೂ ಒಂದು ಪದಾರ್ಥ ಸಿಕ್ಕಿಬೀಳಬೇಕು, ಇಲ್ಲದಿದ್ದರೆ ನಾನೇ ಕಾರಣ.

"ಅತ್ತಿಗೆ ಬಂದ್ರೇನೇ ನಾನು ಬರ್ತೀನಿ" ಎಂದು ರತ್ನ ಹಟ ಹಿಡಿದಳು. ಮೂವರೂ ಹೋದೆವು. ಡಾಕ್ಟರು ಅವಳ ತೋಳಿನ ಮೇಲೆ ಸಾಲಾಗಿ ಹನಿ ಇಟ್ಟು ಸೂಜಿಯಿಂದ ಚುಚ್ಚಿದರು. ಹಾಲು, ಕಡಲೆಕಾಯಿ, ಬದನೆಕಾಯಿ, ಮನೆಯ ಧೂಳು. ಏಳಪ್ಪಾ, ಒಂದಾದರೂ ಏಳು ಎಂದು ನಾನು ಬೇಡಿದೆ. ಏಳಲೇಬೇಕಾದದ್ದು ಎದ್ದಿತು. ಮಿಕ್ಕವು ಹಾಗೇ ಇದ್ದವು.

"ಯಾವುದೂ ಕಾರಣ ಅಲ್ಲಮ್ಮ. ತಾನಾಗೇ ಬಂದಿದೆ, ತಾನಾಗೇ ಹೋಗುತ್ತೆ. ಎಲ್ಲಾ ತಿನ್ನು" ಎಂದರು ಡಾಕ್ಟರು. ಅತ್ತೆಗೆ ಏನು ಹೇಳುವುದೆಂದು ರೈಲಿನುದ್ದಕ್ಕೂ ಲೆಕ್ಕ ಹಾಕಿದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಏನಂದ್ರೋ?"

ಯಜಮಾನರು ಬಾಯಿ ತೆರೆಯುವ ಮೊದಲೇ ರತ್ನ, "ಬದನೆಕಾಯಿ ಕಣಮ್ಮ. ದಿನಾ ತಿಂತಿದ್ನಲ್ಲ, ಅದೇ ನಂಜಾಗಿದೆ" ಎಂದಳು. ಎಣ್ಣೆಗಾಯಿ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ! ಯಜಮಾನರು ತಂಗಿಯ ಮುಖ ನೋಡಿದರು, ಕೆಮ್ಮಿದರು, ಚಪ್ಪಲಿ ಬಿಡಲು ಹೋದರು.

ಕಾಲ್ಗುಣದ ಮಾತು ಅಲ್ಲಿಗೆ ನಿಂತಿತು. ಗಂಧೆಯೂ ಮುಂದೊಂದು ದಿನ ಹೇಳದೆ ಕೇಳದೆ ಹೋಯಿತು. ಅತ್ತೆ ಇರುವ ತನಕ ರತ್ನ ಆ ಮನೆಯಲ್ಲಿ ಬದನೆಕಾಯಿ ಮುಟ್ಟಲಿಲ್ಲ.

ಅವಳಿಗೀಗ ಮೊಮ್ಮಕ್ಕಳಿದ್ದಾರೆ. ಇವತ್ತಿಗೂ ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚೇ, ಆದರೆ ಗಂಡನ ಕಾರಣಕ್ಕಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಿಜವನ್ನೇ ಹೇಳಿಬಿಡುತ್ತಿದ್ದೆ.