ಶೇಖರಮ್ಮನ ಒಂಬತ್ತು ದಿನದ ಚಾಕರಿ

“ಒಂಬತ್ತು ದಿನದ್ದೂ ಒಂದು ಚಾಕರಿ ಏನಬೇ ಲಾಲ್‌ಬೀ? ನೆಂಟರ ಮನಿಗೆ ಹೋದ್ರ ಅದಕ್ಕಿಂತ ಹೆಚ್ಚು ದಿನ ಇರ್ತೀವಿ. ಲಿಂಗಸುಗೂರಿನ ದೊಡ್ಡಬಸಪ್ಪ ಸಾಹುಕಾರ ನನ್ನ ಯಾಕ ಬಿಡಿಸಿದ ಹೇಳು? ನಾ ಉಪ್ಪು ಕದ್ದಿಲ್ಲ, ತುಪ್ಪ ನೆಕ್ಕಿಲ್ಲ. ರೊಟ್ಟಿ ಬಡದ್ರ ಸಪ್ಪಳ ಆಕೈತಂತ! ಆತನ ಮಧ್ಯಾಹ್ನದ ನಿದ್ದಿ ಹರೀತೈತಂತ! ಸಪ್ಪಳಿಲ್ಲದ ರೊಟ್ಟಿ ಬಡದಾಕಿನ್ನ ಯಾರರ ನೋಡ್ಯಾರೇನು? ಈಗ ಸಿಂಧನೂರು ಕಡೆ ಕಾಲುವಿ ಕ್ಯಾಂಪಿನ್ಯಾಗ ಅಡಿಗಿಗೆ ಹೆಣ್ಮಗಳು ಬೇಕಂತ. ‘ಮೊದಲ ಎಲ್ಲಿ ಇದ್ದಿ?’ ಅಂತ ಕೇಳೇ ಕೇಳ್ತಾರ. ಸಾಹುಕಾರನ ಹೆಸರು ಹೇಳಿದ್ರ ‘ಯಾಕ ಬಿಟ್ಟಿ?’ ಅಂತಾರ. ಹೇಳದಿದ್ರ, ನಾಳೆ ಯಾರರ ಚಾಡಿ ಹಚ್ಚಿದ್ರ ಸುಳ್ಳಿ ಅಂತಾರ. ಎರಡೂ ಕಡೆ ಹಂಚು ಕಾದೈತಿ ನೋಡು.”

ಮಸ್ಕಿಯ ಶೇಖರಮ್ಮ ಗಂಡ ಸತ್ತ ಮೇಲೆ ಎರಡು ಹೊಟ್ಟೆ ನೋಡಿಕೊಳ್ಳಬೇಕಾದವಳು: ತನ್ನದೊಂದು, ಕಣ್ಣು ಕಾಣದ ಅತ್ತೆಯದೊಂದು. ಕ್ಯಾಂಪಿನಲ್ಲಾದರೆ ಇರಲು ಜೋಪಡಿ, ಎರಡು ಹೊತ್ತು ಊಟ, ಅತ್ತೆಯನ್ನೂ ಕರೆತರಬಹುದು. ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮರ ಆಳಿಕೆ ಮುಗಿದು ಮೂರು ವರ್ಷವಾಗಿತ್ತು. ಸಾಹುಕಾರರ ಆಳಿಕೆ ಮುಗಿಸಲು ಮಾತ್ರ ಯಾರೂ ಪೊಲೀಸರನ್ನು ಕಳಿಸಿರಲಿಲ್ಲ.

ಆ ಸಾಹುಕಾರರ ನಿದ್ದೆ ಬಹಳ ನಾಜೂಕಿನದು. ಬಾಗಿಲಲ್ಲಿ ಬಂಡಿ ಹೋದರೆ, ಕತ್ತೆ ಒದರಿದರೆ ಹರಿಯುತ್ತಿರಲಿಲ್ಲ. ರೊಟ್ಟಿಯ ಸಪ್ಪಳಕ್ಕಷ್ಟೇ ಹರಿಯುತ್ತಿತ್ತು. ಎದ್ದ ಕೂಡಲೇ ಮಾತ್ರ ರೊಟ್ಟಿ ಬಿಸಿಬಿಸಿಯಾಗಿ ಮುಂದೆ ಬರಬೇಕು. ಅದು ಹೇಗೆ ಬರಬೇಕೆಂಬುದು ದೇವರಿಗೂ ಗೊತ್ತಿರಲಿಲ್ಲ.

ಓಣಿಯ ಗೆಳತಿ ಲಾಲ್‌ಬೀ ಮೊರದಲ್ಲಿ ಜೋಳ ಕೇರುತ್ತಾ ತೀರ್ಪು ಕೊಟ್ಟಳು: “ಬಾಯಿ ಮುಚ್ಚಿಕೊಂಡು ಹೋಗವ್ವ. ಒಂಬತ್ತು ದಿನಕ್ಕ ಬಾಣಂತಿ ಸೈತ ಹೊರಸು ಬಿಟ್ಟು ಇಳಿಯಂಗಿಲ್ಲ. ಅದನ್ನೇನು ಚಾಕರಿ ಅಂತ ಹೇಳ್ಕೊಂತಿ?”

ಶೇಖರಮ್ಮನಿಗೂ ಅದೇ ಸರಿ ಅನ್ನಿಸಿತು. ಮರುದಿನ ಮಧ್ಯಾಹ್ನ ಕ್ಯಾಂಪಿನ ಮೇಸ್ತ್ರಿ ಕರಿಬಸಯ್ಯನ ಮುಂದೆ ನಿಂತಳು.

“ಮೊದಲ ಎಲ್ಲೆರ ಅಡಿಗಿ ಕೆಲಸ ಮಾಡಿಯೇನವ್ವ?”

“ಇಲ್ರೀ ಅಯ್ಯನವರ. ಮನ್ಯಾಗ ಕಣ್ಣು ಕಾಣದ ನಮ್ಮ ಅತ್ತಿಗೆ ಮಾಡಿ ಹಾಕ್ತೀನಷ್ಟ.”

“ಹಂಗಾರ ನಾಕು ರೊಟ್ಟಿ ಮಾಡಿ ತೋರ್ಸು.”

ಹಿಟ್ಟು ನಾದಿ ಕೈ ಎತ್ತಿದವಳು ಹಾಗೇ ನಿಂತಳು. ಪಕ್ಕದ ಗುಡಾರದಲ್ಲಿ ಓವರ್‌ಸೀಯರ್ ಸಾಹೇಬರು ಮಂಚದ ಮೇಲೆ ಬಾಯಿ ತೆರೆದು ಮಲಗಿದ್ದರು. ದೇಶಕ್ಕೆ ನೀರು ತರುವ ಕೆಲಸದ ದಣಿವು ಸಣ್ಣದೇ? ಶೇಖರಮ್ಮ ಕೂಸಿನ ಬೆನ್ನು ತಟ್ಟಿದಂತೆ ಹಿಟ್ಟು ತಟ್ಟಿದಳು. ರೊಟ್ಟಿ ಒಂದು ಕಡೆ ಬೆರಳು ದಪ್ಪ, ಇನ್ನೊಂದು ಕಡೆ ಹರಕು. ಹಂಚಿಗೆ ಬೀಳುವಾಗಲೇ ಎರಡು ಹೋಳಾಯಿತು.

“ಇದೇನವ್ವ, ಕಾಲುವಿ ಒಡ್ಡಿಗೆ ಹಾಕಾಕ ಮಾಡಿದ್ದೇನು? ಇದನ್ನ ತಿಂದು ನಿಮ್ಮ ಮನ್ಯಾಗ ಯಾರು ಉಳದಾರ?”

ಕೆಲಸ ಹೋದರೂ ಹೋಗಲಿ, ರೊಟ್ಟಿಗೆ ಬೈಸಿಕೊಂಡು ಮಸ್ಕಿಗೆ ಹೋಗುವುದೇ? ಶೇಖರಮ್ಮ ಸೆರಗು ಸಿಗಿಸಿದಳು.

“ಸುಳ್ಳು ಹೇಳೀನ್ರಿ. ದೊಡ್ಡಬಸಪ್ಪ ಸಾಹುಕಾರರ ಮನ್ಯಾಗ ಒಂಬತ್ತು ದಿನ ಇದ್ದೆ. ರೊಟ್ಟಿ ಸಪ್ಪಳಕ್ಕ ನಿದ್ದಿ ಕೆಡ್ತೈತಂತ ಬಿಡಿಸಿದ್ರು. ಇಲ್ಲೂ ಸಾಹೇಬ್ರು ಮಲಗ್ಯಾರಲ್ರಿ, ಅದಕ್ಕ ಕೈ ಬರವಲ್ದು.”

ಕರಿಬಸಯ್ಯ ಕಣ್ಣರಳಿಸಿದ.

“ಒಂಬತ್ತು ದಿನ? ಆತನ ಮನ್ಯಾಗ? ನಮ್ಮ ತಂಗಿ ಅಲ್ಲಿ ಚಾಕರಿಗೆ ಹೋಗಿ ನಾಕನೇ ದಿನಕ್ಕ ಓಡಿ ಬಂದಾಳ! ಇಂಥಾದನ್ನ ಮೊದಲ ಹೇಳಾದು ಬಿಟ್ಟು ಮುಚ್ಚಿಟ್ಟಿಯಲ್ಲವ್ವ!” ಗುಡಾರದ ಕಡೆ ನೋಡಿ ದನಿ ತಗ್ಗಿಸಿದ. “ನೀ ಬಡಿ. ಸಾಹೇಬ್ರು ಎದ್ರ ಸರ್ಕಾರದ ಕೆಲಸರ ಒಂದೀಟು ಆದೀತು. ನಾಳೆ ನಿಮ್ಮ ಅತ್ತಿನ ಕರಕೊಂಡು ಬಾ.”

ಶೇಖರಮ್ಮ ಹೊಸ ಉಂಡೆ ಹಿಡಿದು ಕಲ್ಲಿನ ಮೇಲೆ ಬಡಿದಳು. ಪಟಪಟನೆ ರೊಟ್ಟಿ ತಿರುಗುತ್ತಾ ಅಗಲವಾಯಿತು. ಗುಡಾರದಲ್ಲಿ ಮಂಚ ಕಿರುಗುಟ್ಟಿತು. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಇನ್ನೊಂದು ಉಂಡೆಗೆ ಹಿಟ್ಟು ಹಚ್ಚಿದಳು.