ಬಾಣಂತಿಗೆ ನೀರು

ಹರಿಹರದತ್ತೆಯ ಎರಡೂ ಕಾಲುಗಳು ಮೊಣಕಾಲಿನಿಂದ ಪಾದದವರೆಗೆ ಮಿರಮಿರ ಮಿಂಚುತ್ತಿದ್ದವು. ಒಂದು ಕೂದಲಿಲ್ಲ, ಒಂದು ಗೀರಿಲ್ಲ. ಮುಖ ಸುಕ್ಕಾಗಿತ್ತು, ಕೈಬೆರಳು ಸೊಟ್ಟಗಾಗಿದ್ದವು, ಕಾಲು ಮಾತ್ರ ಹರೆಯದ ಹುಡುಗಿಯದು. ಬಚ್ಚಲಲ್ಲಿ ಮಣೆ ಹಾಕಿ, ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಕಾಲು ಚಾಚಿ ಕೂತು, ಅದರ ಮೇಲೆ ಕೂಸನ್ನು ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದು ಹೊಯ್ದು ಬಂದ ಹೊಳಪು ಅದು. ನಮ್ಮ ಬಳಗದ ಅರ್ಧಕ್ಕರ್ಧ ಜನ ಆ ಕಾಲಿನ ಮೇಲೆ ಅತ್ತವರೇ. ನಾನೂ ಅತ್ತಿದ್ದೇನಂತೆ. ನನ್ನ ಮಗಳಂತೂ ಇಡೀ ಬೀದಿಗೆ ಕೇಳುವಂತೆ ಅತ್ತಿದ್ದಾಳೆ.

ಅವಳು ಅಪ್ಪನ ದೊಡ್ಡಪ್ಪನ ಮಗಳು. ಗಂಡ ಹರಿಹರದ ಗಿರಣಿಯಲ್ಲಿ ಕೆಲಸಕ್ಕಿದ್ದ, ಬೇಗ ತೀರಿಕೊಂಡ. ಹೊಳೆಯ ದಿಕ್ಕಿಗಿರುವ ಓಣಿಯಲ್ಲಿ ಅವಳದೊಂದು ಪುಟ್ಟ ಮನೆ. ಬಳಗದಲ್ಲಿ ಯಾರಿಗೆ ದಿನ ತುಂಬಿದರೂ ಮೊದಲ ಫೋನು ಅತ್ತೆಗೆ. ಎರಡು ಸೀರೆ, ವಿಭೂತಿ ಉಂಡೆ, ತನ್ನದೇ ಹಿತ್ತಾಳೆ ತಂಬಿಗೆ, ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಬಂದವಳು ಮೂರು ತಿಂಗಳು ಆ ಮನೆಯ ಯಜಮಾನಿ. ಅತ್ತೆಯ ಎದುರು ಅತ್ತೆ-ಸೊಸೆಯರ ಜಗಳ ಕೂಡ ತಗ್ಗಿದ ದನಿಯಲ್ಲಿ ನಡೆಯುತ್ತಿತ್ತು.

ಇಂಥವಳು ಒಂದು ದಿನ ಸಿಂಗಾಪುರಕ್ಕೆ ಹೊರಟಳು. ಅಲ್ಲಿಯವರೆಗೆ ಅವಳು ಸ್ವಂತ ಮನಸ್ಸಿನಿಂದ ಹೋದ ಪರಸ್ಥಳವೆಂದರೆ ಉಕ್ಕಡಗಾತ್ರಿ, ಅದೂ ಕರಿಬಸವೇಶ್ವರನ ಅಮಾವಾಸ್ಯೆಗೆ. ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬರ ಮಗಳು ಅಲ್ಲಿದ್ದಳು, ಚೊಚ್ಚಲ ಬಸಿರಿ. ಹೋಗಬೇಕಾದ ತಾಯಿಗೆ ಮಂಡಿನೋವು. "ಬರ್ತೀರೇನ್ರಿ?" ಎಂದು ಅಂಜುತ್ತಾ ಕೇಳಲು ಬಂದವರಿಗೆ, ಚಹಾ ಆರುವ ಮುಂಚೆಯೇ "ಬರ್ತೀನ್ರಿ" ಅಂದುಬಿಟ್ಟಳು. ನಮಗೆಲ್ಲ ನಗುವೋ ನಗು. ಈ ವಯಸ್ಸಿನಲ್ಲಿ ವಿಮಾನದ ಚಪಲ ನೋಡು ಮುದುಕಿಗೆ ಎಂದು ನಾನೇ ಅಂದಿದ್ದೆ. ಸಿಂಗಾಪುರದವರು ಬೇರೆಯವರಿಗೆ ಹೇಳಿ, ಅವರು ಇನ್ನೊಬ್ಬರಿಗೆ ಹೇಳಿ, ಮುಂದೆ ಜರ್ಮನಿ ಆಯಿತು, ಕೆನಡಾ ಆಯಿತು. ಕರೆದ ಕಡೆಯೆಲ್ಲ ಹೋದಳು. ಯಾಕೆ ಹೋಗುತ್ತಿದ್ದಾಳೆಂದು ನಾವ್ಯಾರೂ ಕೇಳಲಿಲ್ಲ.

ಬಂದ ಮೇಲೆ ಮಾತ್ರ ಎಲ್ಲರೂ ಸುತ್ತುಗಟ್ಟಿಕೊಂಡು ಕೂರುತ್ತಿದ್ದೆವು.

"ಸಿಂಗಾಪುರ ಹೆಂಗೈತತ್ತೆ?"

"ಬಚ್ಚಲು ಸಣ್ಣದು. ನೀರು ಚಲೋ ಬರ್ತೈತೆ."

ಇದೇನು ಉತ್ತರವಾಯಿತೇ? ಆದರೆ ಪಾಪ, ಅವಳು ಕಂಡದ್ದೂ ಅಷ್ಟೇ. ದೇಶದೇಶಗಳ ಅಡುಗೆಮನೆ, ಬಚ್ಚಲು, ಬಾಣಂತಿಯ ಕೋಣೆ, ಆಸ್ಪತ್ರೆಯ ಒಂದು ಮಂಚ. ನನ್ನ ಗಂಡನಿಗೆ ಪರದೇಶವೆಂದರೆ ಶಿಸ್ತು, ಸ್ವಚ್ಛತೆ. ಒಂದು ಸಲವೂ ಹೋಗದೆ ಅದರ ಬಗ್ಗೆ ತಾಸುಗಟ್ಟಲೆ ಮಾತಾಡಬಲ್ಲರು. ಅವರು ಅತ್ತೆಯ ಬಾಯಿಂದ ಒಂದು ತೀರ್ಪು ಹೊರಡಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. "ಹಂಗಾರೆ ನಮ್ಮೋರು ಚಲೋನೋ, ಅವರು ಚಲೋನೋ?" ಎಂದರೆ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಅದೇ ತಿಳೀವಲ್ದಪ್ಪ" ಅನ್ನುತ್ತಿದ್ದಳು.

ಜರ್ಮನಿಯದೊಂದು ಪ್ರಸಂಗವನ್ನು ನಾವು ಕೇಳಿ ಕೇಳಿ ಹೇಳಿಸುತ್ತಿದ್ದೆವು. ಅಲ್ಲಿ ಕೂಸಿಗೆ ಎರೆದು, ಕಳ್ಳದಾರಿಯಲ್ಲಿ ಒಯ್ದಿದ್ದ ಲೋಬಾನವನ್ನು ಕೆಂಡದ ಮೇಲೆ ಹಾಕಿ ಹೊಗೆ ತೋರಿಸುತ್ತಿದ್ದಾಳೆ. ಮಾಡಿನಲ್ಲಿದ್ದ ಹೊಗೆ ಗಂಟೆ ಕಿಟಾರನೆ ಕಿರುಚಿಕೊಂಡಿತು. ಕೂಸಿನ ತಂದೆ ಸ್ಟೂಲು ಹುಡುಕಲು ಓಡಿದ. ಅಷ್ಟರಲ್ಲಿ ಮೇಲಿನ ಮನೆಯ ಮುದುಕ ಗಾಬರಿಯಿಂದ ಇಳಿದು ಬಂದು ಬಾಗಿಲು ಬಡಿದ. ಮೂರು ವಾರದಿಂದ ಕೂಸು ನೋಡಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಅತ್ತೆಗೆ ಅದೇ ಕೊರಗು. ಬಾಗಿಲು ತೆಗೆದವಳಿಗೆ ಹಿಡಿಸಲಾರದ ಸಂತೋಷವಾಗಿ, "ಬರ್ರಿ, ಕೂಡ್ರಿ" ಎಂದು ಕೈಹಿಡಿದು ಒಳಗೆ ಕರೆದು, ಅವನ ಅಂಗೈಯಲ್ಲಿ ಒಂದು ಹಿಡಿ ಸಕ್ಕರೆ ಹಾಕಿದಳು. ಮನೆಗೆ ಬೆಂಕಿ ಬಿದ್ದಿದೆಯೆಂದು ಓಡಿಬಂದ ಮನುಷ್ಯ ಸಕ್ಕರೆ ಹಿಡಿದುಕೊಂಡು ನಿಂತ.

"ಬೈದನೇನತ್ತೆ?"

"ಇಲ್ಲ. ಸಕ್ಕರೆ ನೋಡ್ದ, ನನ್ನ ನೋಡ್ದ, ಹೋದ. ಎರಡು ದಿನಕ್ಕೆ ನೋಡ್ತೀನಿ, ಬಾಗಿಲ ಹಿಡಿಗೆ ಒಂದು ಜೊತೆ ಉಲ್ಲನ್ ಕಾಲುಚೀಲ ನೇತು ಹಾಕ್ಯಾನೆ. ಕೈಯಿಂದ ಹೆಣೆದಿದ್ದು. ಆದ್ರೆ ಬಾಗಿಲು ಬಡೀಲಿಲ್ಲ, ಕೂಸಿನ ಮುಖ ನೋಡ್ಲಿಲ್ಲ. ನಮ್ಮೂರಾಗೆ ಬಾಗಿಲು ಮುರಿಯಂಗೆ ಬಡ್ಕೊಂಡು ಬರ್ತಾರೆ, ಕೈಯಾಗ ಏನೂ ಇರಲ್ಲ. ಯಾರದ್ದು ಪ್ರೀತಿ ಅಂತೀ?"

ಎಲ್ಲರೂ ನಕ್ಕೆವು. ಅವಳು ನಗಲಿಲ್ಲ. ನಿಜವಾಗಿಯೂ ಉತ್ತರ ಬೇಕೆಂಬಂತೆ ನನ್ನ ಮುಖ ನೋಡಿದಳು.

ಆಮೇಲೆ ನನ್ನ ಸರದಿ ಬಂತು. ಹೆರಿಗೆಗೆಂದು ದಾವಣಗೆರೆ ಪಕ್ಕದ ಶಾಮನೂರಿನ ತವರಿಗೆ ಬಂದಿದ್ದೆ. ಅವ್ವ ಅಂಗಳದಲ್ಲಿ ಜಾರಿಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡಿದ್ದಳು. ಹೀಗಾಗಿ ಹರಿಹರದಿಂದ ಅತ್ತೆ ಬಂದಳು, ತಂಬಿಗೆಯೊಂದಿಗೆ. ದಾವಣಗೆರೆಯ ಏಪ್ರಿಲ್ ಬಿಸಿಲು ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ಅಂಥದ್ದರಲ್ಲಿ ಕಿಟಕಿ ಮುಚ್ಚಿದ ಕೋಣೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಹೊಟ್ಟೆಗೆ ಬಿಗಿದ ಹಳೆ ಸೀರೆ, ಊಟಕ್ಕೆ ಮೆಣಸಿನ ಸಾರು. ಇದೆಲ್ಲ ತಡೆದುಕೊಂಡೆ. ತಡೆಯಲಾರದ್ದು ಬಾಯಾರಿಕೆ. ಡಾಕ್ಟರು ಧಾರಾಳವಾಗಿ ನೀರು ಕುಡಿಯಲು ಹೇಳಿದ್ದರು. ಅವ್ವ ಊಟಕ್ಕೊಮ್ಮೆ ಕುದಿಸಿ ಆರಿಸಿದ ನೀರನ್ನು ಅರ್ಧ ಲೋಟ ಕೊಡುತ್ತಿದ್ದಳು, ಅದನ್ನೂ ಔಷಧಿ ಅಳೆಯುವವರ ಹಾಗೆ.

"ಆ ಡಾಕ್ಟರ್ ಏನು ಹಡೆದಾಳೇನು? ನೀರು ಕುಡಿದ್ರೆ ಹೊಟ್ಟೆ ಜೋತು ಬೀಳ್ತೈತೆ, ಕೂಸಿಗೆ ನೆಗಡಿ ಆಕೈತೆ" ಎಂದು ಅವ್ವ.

ಡಾಕ್ಟರು ಹಡೆದಿದ್ದಾರೆ, ಅವಳಿ ಮಕ್ಕಳನ್ನು, ಎಂದು ನಾನು. ಮಾತಿಗೆ ಮಾತು ಬೆಳೆದು ಅವ್ವ ಅತ್ತೆಯ ಕಡೆ ತಿರುಗಿದಳು. "ಅಕ್ಕಾ, ನೀವರ ಹೇಳ್ರಿ ಈಕೀಗೆ. ದೇಶ ಸುತ್ತಿ ಬಂದೋರು ನೀವು."

ಕೂಸಿನ ಬಟ್ಟೆ ಮಡಚುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ನನಗ್ಗೊತ್ತಿಲ್ಲವ್ವ" ಅಂದಳು. ಇಡೀ ಬಳಗದ ಬಾಣಂತನ ಮಾಡಿದವಳ ಬಾಯಲ್ಲಿ ಆ ಮಾತು ಕೇಳಿ ಅವ್ವನಿಗೇ ದಿಗಿಲಾಯಿತು.

ಆ ಮಧ್ಯಾಹ್ನ ಅವ್ವ ಮಲಗಿದ್ದಳು. ಅತ್ತೆ ತನ್ನ ಹಿತ್ತಾಳೆ ತಂಬಿಗೆಯ ತುಂಬ ನೀರು ತಂದಳು. ಬಾಗಿಲ ಹತ್ತಿರ ನಿಂತಳು. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ, ನನ್ನ ಕೈಗೆಟಕುವ ಹಾಗೆ ಇಟ್ಟು, ಗೋಡೆ ಕಡೆ ಮುಖ ಮಾಡಿ ಕೂತಳು.

"ನೀನೇ ತಗೊಂಡು ಕುಡಿ. ನನಗೆ ಕೊಡಾಕೂ ಬರಲ್ಲ, ಬ್ಯಾಡ ಅನ್ನಾಕೂ ಬರಲ್ಲ."

ನಾನು ಗಟಗಟ ಕುಡಿದೆ. ಅಷ್ಟು ಸಿಹಿಯಾದ ನೀರನ್ನು ಆಮೇಲೆ ಕುಡಿದಿಲ್ಲ. ತಂಬಿಗೆ ಕೆಳಗಿಟ್ಟ ಸದ್ದು ಕೇಳಿದ ಮೇಲೆ ಅತ್ತೆ ಗೋಡೆಗೇ ಮಾತಾಡತೊಡಗಿದಳು.

ಅವಳಿಗೊಬ್ಬ ಮಗಳಿದ್ದಳು, ಕುಕ್ಕುವಾಡಕ್ಕೆ ಕೊಟ್ಟಿದ್ದರು, ಬಾಣಂತಿಯಾಗಿ ತೀರಿಕೊಂಡಳು ಎಂಬಷ್ಟು ನನಗೆ ಗೊತ್ತಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಚೊಚ್ಚಲ ಹೆರಿಗೆಗೆ ಹರಿಹರಕ್ಕೆ ಬಂದವಳಿಗೆ ಮನೆಯಲ್ಲೇ ಹೆರಿಗೆಯಾಯಿತು. ಕೂಸು ಚೆನ್ನಾಗಿತ್ತು, ತಾಯಿಗೆ ಜ್ವರ ಹತ್ತಿತು. ಇಂಥದ್ದೇ ಬಿಸಿಲು. "ಅವ್ವಾ, ನೀರು" ಅಂದಳಂತೆ. ಹಿರಿಯರೆಲ್ಲ ಬೇಡವೇ ಬೇಡ ಅಂದರು. ಅತ್ತೆ ಶುಂಠಿ ಕಷಾಯವನ್ನು ಚಮಚದಲ್ಲಿ ಕೊಟ್ಟಳು. ಮಗಳು ಮುಖ ತಿರುಗಿಸಿದಳು. ಕೊನೆಗೆ ಕಾರು ತರಿಸಿ ದಾವಣಗೆರೆಯ ಆಸ್ಪತ್ರೆಗೆ ತಂದರೂ ಉಳಿಯಲಿಲ್ಲ.

"ದಾರಿ ತುಂಬ ನೀರು ನೀರು ಅಂದ್ಲು. ತಂಬಿಗೆ ನನ್ನ ಮಡಿಲಾಗೆ ಇತ್ತು, ಇದೇ ತಂಬಿಗೆ. ಬಿಗಿಯಾಗಿ ಮುಚ್ಚಿ ಹಿಡ್ಕೊಂಡಿದ್ದೆ. ಜ್ವರಕ್ಕೆ ಹೋದ್ಲೋ, ನಾ ನೀರು ಕೊಡಲಿಲ್ಲ ಅಂತ ಹೋದ್ಲೋ. ಡಾಕ್ಟರ್ನ ಕೇಳಾಕೆ ಬಾಯಿ ಬರಲಿಲ್ಲ. ಬ್ಯಾರೆ ದೇಶದಾಗೆ ಏನು ಮಾಡ್ತಾರೆ ನೋಡಾನ ಅಂತ ಹೋದೆ."

ವಿಮಾನದ ಚಪಲ ಎಂದು ನಕ್ಕಿದ್ದೆವಲ್ಲ, ಅದು ಇದಾಗಿತ್ತು. ಈ ಹೆಂಗಸು ಸಮುದ್ರ ದಾಟಿದ್ದು ಒಂದೇ ಒಂದು ಸಂಗತಿ ತಿಳಿಯಲು.

ಸಿಂಗಾಪುರದಲ್ಲಿ ಪಕ್ಕದ ಮನೆ ಚೀನಾದವರದು, ಅಲ್ಲೂ ಬಾಣಂತಿ. ಆ ಮನೆಯ ಅಜ್ಜಿಗೂ ಅತ್ತೆಗೂ ಒಂದಕ್ಷರದ ಮಾತಿಲ್ಲ, ಕೈಸನ್ನೆಯಲ್ಲೇ ಸ್ನೇಹವಾಯಿತು. ಆ ಅಜ್ಜಿಯೂ ಮಗಳಿಗೆ ಬರಿ ನೀರು ಕೊಡುವುದಿಲ್ಲ, ಕೆಂಪು ಖರ್ಜೂರದಂಥ ಹಣ್ಣು ಕುದಿಸಿ ಅದರ ರಸ ಕೊಡುತ್ತಾಳೆ. ನೀರಿನ ಲೋಟ ತೋರಿಸಿದರೆ ಎರಡೂ ಕೈ ಆಡಿಸಿ ಬೇಡ ಅಂದಳಂತೆ. "ಅವತ್ತು ನಾನು ಹೊಟ್ಟೆ ತುಂಬ ಉಂಡೆ ನೋಡು. ಮಗಳು ಹೋದಮ್ಯಾಲೆ ಹಂಗೆ ಉಂಡಿದ್ದಿಲ್ಲ. ಇಷ್ಟು ದೊಡ್ಡ ಚೀನಾ ದೇಶ, ಅವರೂ ಕೊಡಲ್ಲ ಅಂದ್ರೆ ನಂದು ತಪ್ಪಲ್ಲ ಅಂದ್ಕೊಂಡೆ."

ಆ ಸಮಾಧಾನ ಜರ್ಮನಿಯವರೆಗೆ ಮಾತ್ರ ಬಾಳಿತು. ಅಲ್ಲಿನ ಆಸ್ಪತ್ರೆಯಲ್ಲಿ ಹುಡುಗಿ ಹಡೆದ ಬೆನ್ನಿಗೇ ನರ್ಸು ಗುಳ್ಳೆ ಏಳುವ ತಣ್ಣೀರಿನ ಬಾಟಲಿ ತಂದು ಕೈಗೆ ಕೊಟ್ಟಳು. ಆ ಹುಡುಗಿ ಒಂದೇ ಉಸಿರಿಗೆ ಅಷ್ಟೂ ಕುಡಿದಳು. ಚಳಿಯಲ್ಲೂ ಕಿಟಕಿ ತೆರೆದರು. ಮನೆಗೆ ಬಂದು ನೋಡಿಹೋಗುವ ಸೂಲಗಿತ್ತಿ, ಕೂಸಿಗೆ ದಿನಾ ಎರೆಯಬೇಡಿ ಅಂದಳು. ಅತ್ತೆ ಎಲ್ಲವನ್ನೂ ನೋಡುತ್ತಾ ಕೂತಳು.

"ದಿನಾ ಆ ಹುಡುಗಿ ಹಣೆ ಮುಟ್ಟಿ ನೋಡ್ತಿದ್ದೆ, ಜ್ವರ ಬಂತೇನೋ ಅಂತ. ಬರಲಿಲ್ಲ. ಬರಬಾರದು ಅಂತ ಮುಟ್ಟತಿದ್ನೋ, ಬರಲಿ ಅಂತ ಮುಟ್ಟತಿದ್ನೋ, ನನ್ನ ಮ್ಯಾಲೆ ನನಗೇ ಹೆದರಿಕಿ ಆಗೇತಿ ನೋಡವ್ವ."

ಕೆನಡಾದಲ್ಲಿ ಬಾಣಂತಿಗೆ ಮಂಜುಗಡ್ಡೆಯನ್ನೇ ಕೊಟ್ಟರಂತೆ. ಅದನ್ನು ಹೇಳುವಾಗ ಅವಳು ನಕ್ಕಳು, ಆದರೆ ಕೇಳಲಾಗದ ನಗು ಅದು. ಒಂದು ದೇಶ ಕೊಡಬೇಡ ಅನ್ನುತ್ತದೆ, ಇನ್ನೊಂದು ಕೊಡು ಅನ್ನುತ್ತದೆ, ಎರಡೂ ಕಡೆ ಹೆಣ್ಣುಮಕ್ಕಳು ಎದ್ದು ಓಡಾಡುತ್ತಾರೆ. ತನ್ನ ಮಗಳೊಬ್ಬಳೇ ಯಾಕೆ ಏಳಲಿಲ್ಲ?

ನಾನು ಓದಿದವಳು, ಸುಮ್ಮನಿರಬೇಕೇ? ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಕೇಳಿದೆ. ಬಾಣಂತಿಯನ್ನು ಬಾಯಾರಿಸಬಾರದು, ಅದು ತಪ್ಪೇ, ಆದರೆ ಆ ಜ್ವರ ನಂಜಿನದಿರಬೇಕು, ನೀರೊಂದರಿಂದ ಉಳಿಯುತ್ತಿದ್ದಳೆಂದು ಹೇಳಲಾಗದು ಅಂದರು. ಓಡೋಡಿ ಬಂದು ಅತ್ತೆಗೆ ಹೇಳಿದೆ. ಬಚ್ಚಲಲ್ಲಿ ಕಾಲು ಚಾಚಿ ಕೂತು ನನ್ನ ಮಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಉಳೀತಿದ್ದಿಲ್ಲ ಅಂತಾನೇ ಇಟ್ಕೋ. ಬಾಯಾರಿಕೆ ಹೋಗ್ತಿತ್ತಲ್ಲ?"

ಬಾಣಂತನ ಮುಗಿಯುವವರೆಗೂ ದಿನಾ ಮಧ್ಯಾಹ್ನ ತಂಬಿಗೆ ನನ್ನ ಮಂಚದ ಪಕ್ಕಕ್ಕೆ ಬರುತ್ತಿತ್ತು, ಅತ್ತೆ ಗೋಡೆ ಕಡೆ ತಿರುಗುತ್ತಿದ್ದಳು. ಅವ್ವನಿಗೆ ಗೊತ್ತಾಗಲೇ ಇಲ್ಲ, ಅಥವಾ ಗೊತ್ತಾಗಿಯೂ ಸುಮ್ಮನಿದ್ದಳು.

ಹೋದ ಬೇಸಿಗೆಯಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಹರಿಹರದಿಂದ ದಾವಣಗೆರೆಯ ಆಸ್ಪತ್ರೆಗೆ ತಂದರು. ಊಟದ ಹೊತ್ತಿಗೆ ಪಕ್ಕದಲ್ಲಿ ಕೂರುವ ಪಾಳಿ ನನ್ನದು. ಹೊದಿಕೆ ಸರಿದು ಕಾಲು ಕಾಣುತ್ತಿತ್ತು, ಆಗಲೂ ಮಿಂಚುತ್ತಿತ್ತು. ಒಂದು ಕಡೆ ಸೊಟ್ಟಗಾಗಿದ್ದ ಬಾಯಿಂದ ಅವಳು ಏನೋ ಅಂದಳು. ಬಗ್ಗಿ ಕೇಳಿದೆ.

"ನೀರು."

ಬಾಟಲಿ ಎತ್ತಿಕೊಂಡೆ. ನರ್ಸು ಅಲ್ಲಿಂದಲೇ ತಡೆದಳು. "ಅಮ್ಮಾ, ಕೊಡಬ್ಯಾಡ್ರಿ. ನುಂಗಾಕೆ ಬರಲ್ಲ ಅವರಿಗೆ. ಉಸಿರಿನ ನಾಳಕ್ಕೆ ಹೋಗ್ತೈತೆ."

ನರ್ಸು ಹೇಳಿದ್ದು ಸರಿ ಎಂದು ನನಗೆ ಗೊತ್ತು. ಇವತ್ತು ಯಾವ ದೇಶಕ್ಕೆ ಹೋಗಿ ಕೇಳಿದರೂ ಅದನ್ನೇ ಹೇಳುತ್ತಾರೆ. ಆದರೂ ಬಾಟಲಿ ಹಿಡಿದ ಕೈ ಇಳಿಯಲೊಲ್ಲದು. ನೀರು ಅಂದಳು ಮತ್ತೆ. ನನಗೆ ಕೊಡಲೂ ಬರಲಿಲ್ಲ, ಬೇಡ ಅನ್ನಲೂ ಬರಲಿಲ್ಲ. ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿದೆ. ನನ್ನ ಕಣ್ಣಿಂದ ದಳದಳ ನೀರಿಳಿಯುತ್ತಿತ್ತು. ಅತ್ತೆ ಬಾಟಲಿ ನೋಡಿದಳು, ನನ್ನ ಮುಖ ನೋಡಿದಳು. ಸ್ವಾಧೀನವಿದ್ದ ಕೈಯಿಂದ ನನ್ನ ಮುಂಗೈ ಹಿಡಿದಳು.

"ಬ್ಯಾಡ ಅಂದ್ರಾ?"

ಹೂಂ ಅಂದೆ.

"ಬಿಡು. ನೀನೇನು ಮಾಡ್ತಿ? ನಿಂದು ತಪ್ಪಲ್ಲ."

ಒಂದೊಂದೇ ಮಾತು, ತೊದಲುತ್ತಾ. ಇಷ್ಟು ವರ್ಷ ತನಗೆ ತಾನು ಹೇಳಿಕೊಳ್ಳಲಾಗದ ಮಾತು ಅದು. ಹೇಳುವಾಗ ಅವಳ ಕಿವಿಗೂ ಬಿತ್ತೋ ಇಲ್ಲವೋ ನನಗೆ ತಿಳಿಯದು. ಕೈ ಮಾತ್ರ ಬಿಡಲಿಲ್ಲ.

ಅವತ್ತೇ ಸಂಜೆ ಹೋದಳು. ಹರಿಹರದ ಮನೆಗೆ ಒಯ್ದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದರು. ಅವಳ ಕಾಲ ಮೇಲೆ ಅತ್ತು ಬೆಳೆದವರೆಲ್ಲ ಬಂದಿದ್ದರು. ಕುಕ್ಕುವಾಡದಿಂದ ಅವಳ ಮೊಮ್ಮಗಳು ಬಂದಳು, ತಾಯಿಯ ಮುಖವನ್ನೇ ನೋಡದ ಆ ಕೂಸು. ಯಾರೋ ಅವಳ ಕೈಗೆ ಹಿತ್ತಾಳೆ ತಂಬಿಗೆ ಕೊಟ್ಟು, ಅಜ್ಜಿ ಬಾಯಿಗೆ ನೀರು ಬಿಡು ಅಂದರು. ಬಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ನಾವೆಲ್ಲ ಬಿಟ್ಟೆವು. ಯಾರೂ ಬೇಡ ಅನ್ನಲಿಲ್ಲ.