ಮಂಜೊಟ್ಟಿ ಇಟ್ಟ ಜಾಗ

ವಿಲೆ ಪಾರ್ಲೆ ಸ್ಟೇಷನ್ನಿನ ಹೊರಗೆ ಹಳೆ ಪುಸ್ತಕ ಮಾರುವವನಿಂದ ತಂಗಿ ಆ ಆಟ ತಂದಾಗ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ನಕ್ಷೆ, ಒಂದು ದಾಳ, ಅಷ್ಟೇ. ಕಾಡು, ಗುಹೆ, ನದಿ ದಾಟಿ ಆಟಗಾರರೆಲ್ಲ ಜೊತೆಯಾಗಿ ಹೊಸ ಸೀಮೆ ಹುಡುಕುವ ಆಟ. ಕಾಯಿಗಳು ಯಾರ ಮನೆಯ ಮಂಚದಡಿ ಸೇರಿದ್ದವೋ! "ಕಾಯಿಯೇ ಇಲ್ಲದ ಆಟ, ಕಣ್ಣು ಮುಚ್ಕೊಂಡು ತಂದ್ಯಾ?" ಎಂದು ಬೈದೆ. ಬೈಯುವುದು ನನ್ನ ಹುಟ್ಟುಗುಣ, ಸುಟ್ಟರೂ ಹೋಗದು. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಸಾಂತಾಕ್ರೂಜಿನ ನಮ್ಮ ಪುಟ್ಟ ಮನೆಯನ್ನೆಲ್ಲ ಜಾಲಾಡಿ ಕಾಯಿ ಆರಿಸಿದೆವು. ನನಗೆ ಹಳೆ ಸ್ವೆಟರಿನ ಗುಂಡಿ. ಅವಳು ಲವಂಗ ಇಟ್ಟು ನೋಡಿದಳು, ಉರುಳಿತು. ಕೊನೆಗೆ ಕಳೆದುಹೋದ ಓಲೆಯೊಂದರ ತಿರುಪು ಆರಿಸಿಕೊಂಡಳು. ಡೇರೆಗೆ ಏಲಕ್ಕಿ ಸಿಪ್ಪೆ. ಹೋಗಿಬಂದ ಜಾಗಕ್ಕೆ ಗುರುತು ಇನ್ನೂ ಸಿಕ್ಕಿರಲಿಲ್ಲ. ಆಗ ಅವಳ ಕಣ್ಣು ಅಮ್ಮ ಅಳಗುಳಿ ಆಡುವ ಚೆನ್ನೆಮಣೆಯ ಕೆಂಪು ಮಂಜೊಟ್ಟಿ ಕಾಳುಗಳ ಮೇಲೆ ಬಿತ್ತು.

ಅಮ್ಮ ಉಡುಪಿ ಕಡೆಯವಳು. ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡಿದರೆ ಒಬ್ಬಳು ಉಳಿಯುವುದಿಲ್ಲ ಎಂಬುದು ಅವಳು ಕೇಳಿ ಬೆಳೆದ ಮಾತು. ಆ ಮಣೆಯ ಮುಂದೆ ನಮ್ಮಿಬ್ಬರನ್ನು ಎಂದೂ ಒಟ್ಟಿಗೆ ಕೂರಿಸಿದವಳಲ್ಲ.

"ಎದುರು ಯಾರು ಕೂರ್ತಾರೆ ಅಮ್ಮಾ? ಇದ್ರಲ್ಲಿ ನಾವಿಬ್ರೂ ಸೇಮ್ ಟೀಮ್," ಎಂದಳು ತಂಗಿ.

"ಹಾಗಾದ್ರೆ ಇಬ್ರೂ ಒಂದೇ ಬದಿಗೆ ಕೂರ್ಬೇಕು, ಗೊತ್ತುಂಟಲ್ಲ?" ಎನ್ನುತ್ತಾ ಅಮ್ಮ ಕಾಳಿನ ಡಬ್ಬಿ ಕೊಟ್ಟಳು.

ಗೋಡೆಗೊರಗಿ, ಭುಜಕ್ಕೆ ಭುಜ ತಾಗಿಸಿ ಆಡಿದೆವು. ಆಟ ನಿಂತಲ್ಲೇ ನಕ್ಷೆಯನ್ನು ಹಲಗೆ ಸಮೇತ ಮಂಚದಡಿ ಸರಿಸಿಡುತ್ತಿದ್ದೆವು. ಕಾಲಿಡದ ಕಡೆ ಕಾಳು ಇಡುವಂತಿಲ್ಲ ಎಂಬುದು ತಂಗಿಯ ನಿಯಮ. ನಾನು ಮೋಸ ಮಾಡಹೋದರೆ ಕೈಮೇಲೆ ಪೆಟ್ಟು. ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ಆಸ್ಪತ್ರೆಯಿಂದ ಮನೆಗೆ ಬಂದಾಗಲೆಲ್ಲ ಆಡಿದಳು. ಕೊನೆಯ ಸಲ ತಿರುಪನ್ನು ನದಿಯ ದಡಕ್ಕೆ ತಂದು, "ನಾಳೆ ದಾಟೋಣ, ಇವತ್ತು ಸುಸ್ತು" ಎಂದಳು. ದಾಟಲಿಲ್ಲ.

ಉತ್ತರಕ್ರಿಯೆ ಮುಗಿದ ಮರುದಿನ ಅಮ್ಮ ಹಲಗೆಯನ್ನು ಹೊರಗೆಳೆದು, ಸೆರಗು ಹಾಸಿ, ಕಾಳುಗಳನ್ನು ಬಳಿಯಲು ಕೈಚಾಚಿದಳು. "ಸಮುದ್ರಕ್ಕೆ ಹಾಕಿ ಬರ್ತೇನೆ. ಕೈಯಾರೆ ನಾನೇ ಕೊಟ್ಟೆ. ಕೊಡಬಾರದಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. "ಮುಟ್ಬೇಡ! ಕಾಳಿನಿಂದ ಯಾರಿಗಾದ್ರೂ ಕ್ಯಾನ್ಸರ್ ಬರ್ತದಾ? ಅದು ಅವಳು ಹೋಗಿಬಂದ ಜಾಗ ಅಮ್ಮಾ. ಎತ್ತಿದ್ರೆ ಏನೂ ಉಳಿಯೋದಿಲ್ಲ." ಕಿರುಚಿದವಳು ಹಾಗೇ ಅತ್ತುಬಿಟ್ಟೆ.

ಅಮ್ಮ ಎದ್ದು ಬಂದು ನನ್ನ ಬದಿಗೆ ಕೂತಳು. "ಎಲ್ಲೆಲ್ಲಿ ಹೋಗಿದ್ಳು, ತೋರ್ಸು."

ತೋರಿಸಿದೆ. ಒಂದೊಂದು ಕಾಳನ್ನೂ ಅಮ್ಮ ಬೆರಳಿನಿಂದ ಮುಟ್ಟಿದಳು. ನದಿಯ ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ. ಡಬ್ಬಿಯಿಂದ ಒಂದು ಕಾಳು ತೆಗೆದು ಆಚೆ ದಡದಲ್ಲಿ ಇಡಹೋದೆ. ಅಮ್ಮ ನನ್ನ ಕೈ ಹಿಡಿದಳು.

"ಅಲ್ಲಿಗೆ ಅವಳು ಹೋಗ್ಲಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಬೇಡ," ಎಂದು ಕಾಳನ್ನು ನನ್ನ ಬೆರಳುಗಳಿಂದ ಬಿಡಿಸಿ ಡಬ್ಬಿಗೆ ಹಾಕಿದಳು.